ತಳದಲ್ಲಿರುವ ಹೆಸರು

ಪಿಂಗಾಣಿ ರಿಪೇರಿಗೆ ಬರುವವರು ಮೊದಲು ಪಾತ್ರೆಯನ್ನು ಬೋರಲು ಹಾಕಿ ತೋರಿಸುತ್ತಾರೆ. ಒಡೆದಿರುವುದು ಬಾಯಿ, ತೋರಿಸುವುದು ತಳ! ಈಚೆಗೆ ಒಬ್ಬರು ನೀಲಿ-ಬಿಳಿ ಜಾಡಿ ತಂದಿದ್ದರು. ಮುಚ್ಚಳ ಮೂರು ಚೂರಾಗಿತ್ತು. "ಇದು ಕಾಂಗ್‌ಶಿ ಚಕ್ರವರ್ತಿ ಕಾಲದ್ದು ಸಾರ್, ಕೆಳಗೆ ಹೆಸರೇ ಬರೆದಿದೆ ನೋಡಿ" ಅಂದರು. ಹೆಸರೇನೋ ಇತ್ತು. ಎರಡು ನೀಲಿ ಉಂಗುರಗಳ ಒಳಗೆ ನಾಲ್ಕು ಚೀನಿ ಅಕ್ಷರ.

ಚೀನಾದ ಪಿಂಗಾಣಿಯ ತಳದಲ್ಲಿ ದೊರೆಯ ಆಳ್ವಿಕೆಯ ಹೆಸರು ಬರೆಯುವುದು ಮಿಂಗ್ ವಂಶದ ಕಾಲದಲ್ಲಿ ಬೆಳೆದ ಪದ್ಧತಿ. ಯೊಂಗ್‌ಲೆ (1403–1424) ಕಾಲದಲ್ಲಿ ಅಪರೂಪಕ್ಕೆ ಬರೆದರು. ಶುವಾಂದೆ (1426–1435) ಕಾಲಕ್ಕೆ ರೂಢಿಯೇ ಆಯಿತು. ಪೂರ್ತಿ ಬರೆದರೆ ಆರು ಅಕ್ಷರ: 'ದಾ ಮಿಂಗ್ ಚೆಂಗ್‌ಹುವಾ ನಿಯೆನ್ ಝಿ', ಅಂದರೆ ಮಹಾ ಮಿಂಗ್ ವಂಶದ ಚೆಂಗ್‌ಹುವಾ ಆಳ್ವಿಕೆಯಲ್ಲಿ ಮಾಡಿದ್ದು. ಬಲಗಡೆ ಸಾಲಿನಿಂದ ಶುರುಮಾಡಿ ಮೇಲಿಂದ ಕೆಳಗೆ ಓದಬೇಕು.

ಆದರೆ ಈ ಬರಹ ತಾರೀಖಿನ ಮುದ್ರೆಯಲ್ಲ. ಎಷ್ಟೋ ಸಲ ಅದು ಹಿರಿಯರಿಗೆ ಹಾಕಿದ ಕೈಮುಗಿತ.

ಚೆಂಗ್‌ಹುವಾ (1465–1487) ಕಾಲದ ಕೋಳಿ ಬಟ್ಟಲನ್ನೇ ನೋಡಿ. ಅಡ್ಡಗಲ ಎಂಟು ಸೆಂಟಿಮೀಟರ್ ಅಷ್ಟೇ, ಅಂಗೈಯಲ್ಲಿ ಕೂರುತ್ತದೆ. ಒಂದು ಹುಂಜ, ಒಂದು ಹೇಂಟೆ, ಮರಿಗಳು. ಮೊದಲು ನೀಲಿಯಲ್ಲಿ ಗೆರೆ ಎಳೆದು, ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಾಕಿ ಸುಡುತ್ತಿದ್ದರು. ಆಮೇಲೆ ಗೆರೆಯೊಳಗೆ ಕೆಂಪು, ಹಸಿರು, ಹಳದಿ ತುಂಬಿ ಮತ್ತೊಮ್ಮೆ ಕಡಿಮೆ ಶಾಖದಲ್ಲಿ ಸುಡುತ್ತಿದ್ದರು. 2014ರಲ್ಲಿ ಇಂಥದ್ದೊಂದು ಬಟ್ಟಲು ಹಾಂಗ್‌ಕಾಂಗ್‌ನ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೂ ಜಾಸ್ತಿಗೆ ಹೋಯಿತು. ಕೊಂಡ ಶಾಂಘೈ ಉದ್ಯಮಿ ಲಿಯು ಯಿಚಿಯಾನ್ ಅದರಲ್ಲೇ ಟೀ ಕುಡಿದರು. ಊರೆಲ್ಲ ಬೈಯಿತು. ನನಗೆ ಮಾತ್ರ ಅದು ತಪ್ಪು ಅನ್ನಿಸಲಿಲ್ಲ, ಬಟ್ಟಲು ಇರುವುದೇ ಕುಡಿಯೋಕೆ ಅಲ್ವಾ?

ಇಷ್ಟು ಚಂದದ ಕೆಲಸವನ್ನು ಮುಂದಿನವರು ಸುಮ್ನೆ ಬಿಡುತ್ತಾರಾ? ಇನ್ನೂರು ವರ್ಷ ಕಳೆದ ಮೇಲೂ ಅದೇ ಬಟ್ಟಲು ಮಾಡಿದರು, ತಳದಲ್ಲಿ ಅದೇ ಹೆಸರು ಬರೆದರು. ಎಲ್ಲವೂ ಮೋಸವಲ್ಲ. ಇನ್ನೊಂದು ಕಾರಣವೂ ಇತ್ತು. ಮಿಂಗ್ ನಂತರ ಬಂದ ಚಿಂಗ್ ವಂಶದ ಕಾಂಗ್‌ಶಿ (1662–1722) ಕಾಲದಲ್ಲಿ, 1677ರಲ್ಲಿ, ಪಿಂಗಾಣಿ ಊರು ಜಿಂಗ್‌ದೆಝೆನ್‌ನ ಅಧಿಕಾರಿ ಒಂದು ಆದೇಶ ಹೊರಡಿಸಿದ: ಪಾತ್ರೆ ಮೇಲೆ ಚಕ್ರವರ್ತಿಯ ಹೆಸರು ಬರೆಯಕೂಡದು. ಒಡೆದ ಚೂರು ತಿಪ್ಪೆ ಸೇರಿದರೆ ದೊರೆಯ ಹೆಸರಿಗೆ ಅಪಮಾನ! ಕುಂಬಾರರು ಏನು ಮಾಡಿಯಾರು? ಕೆಲವರು ಎರಡು ಉಂಗುರ ಬರೆದು ನಡುವೆ ಖಾಲಿ ಬಿಟ್ಟರು. ಕೆಲವರು ಎಲೆಯೋ ಹೂವೋ ಬರೆದರು. ಇನ್ನು ಕೆಲವರು ಹಳೆಯ ಚೆಂಗ್‌ಹುವಾ ಹೆಸರನ್ನೇ ಬರೆದುಬಿಟ್ಟರು.

ಹಾಗಾಗಿ ನಾನು ಹೆಸರು ಓದುವ ಮೊದಲು ನೀಲಿ ನೋಡುತ್ತೇನೆ. ಶುವಾಂದೆ ಕಾಲದಲ್ಲಿ ನೀಲಿ ಬಣ್ಣಕ್ಕೆಂದು ಹೊರದೇಶದಿಂದ ತರಿಸಿದ ಕೋಬಾಲ್ಟ್ ಖನಿಜದಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಣ್ಣ ದಪ್ಪಗೆ ಕೂತ ಕಡೆ ಅದು ಸುಡುವಾಗ ಕಪ್ಪು ಚುಕ್ಕೆಯಾಗಿ ಗ್ಲೇಜ್‌ನೊಳಗೆ ಇಳಿಯುತ್ತಿತ್ತು. ಬೆರಳಾಡಿಸಿದರೆ ಸಣ್ಣ ತಗ್ಗು ಸಿಗುತ್ತದೆ. ಇದು ನಿಜಕ್ಕೂ ಒಂದು ದೋಷ. ಹದಿನೆಂಟನೇ ಶತಮಾನದವರಿಗೆ ಆ ದೋಷವೇ ಇಷ್ಟವಾಯಿತು. ಅವರ ಕೋಬಾಲ್ಟ್ ಶುದ್ಧ, ಚುಕ್ಕೆ ತಾನಾಗಿ ಬರದು. ಕುಂಚದ ತುದಿಯಿಂದ ಒಂದೊಂದೇ ಇಟ್ಟರು. ಭೂತಗನ್ನಡಿ ಹಿಡಿದರೆ ಇಟ್ಟ ಚುಕ್ಕೆ ಇಟ್ಟಂತೆಯೇ ಕಾಣುತ್ತದೆ.

ಕಾಂಗ್‌ಶಿ ನಂತರದ ಚಕ್ರವರ್ತಿ ಯೊಂಗ್‌ಝೆಂಗ್ (1723–1735) ಈ ಹಳೆಯ ಕೆಲಸದ ದೊಡ್ಡ ಅಭಿಮಾನಿ. 1728ರಲ್ಲಿ ಅವನ ಆಸ್ಥಾನದಿಂದ ಟಾಂಗ್ ಯಿಂಗ್ ಎಂಬ ಅಧಿಕಾರಿ ಜಿಂಗ್‌ದೆಝೆನ್‌ಗೆ ಬಂದ. ಮಣ್ಣಿನ ಕೆಲಸ ಗೊತ್ತಿಲ್ಲದವನು. ಮೂರು ವರ್ಷ ಕೆಲಸಗಾರರ ಜೊತೆಗೇ ಉಂಡು, ಮಲಗಿ ಕಲಿತ. ನನಗೆ ದೊರೆಗಳಿಗಿಂತ ಇವನೇ ದೊಡ್ಡವನು. ಮುಂದೆ ಬಂದ ಚಿಯೆನ್‌ಲಾಂಗ್ (1736–1795) ಕೂಡ ಪಿಂಗಾಣಿಪ್ರಿಯ. ಆದರೆ ಆರೇಳು ಶತಮಾನ ಹಳೆಯ, ಸಾಂಗ್ ವಂಶದ ಕಾಲದ ಪಾತ್ರೆಗಳ ಮೇಲೆ ತನ್ನ ಪದ್ಯ ಕೊರೆಸಿದ್ದಾನಲ್ಲ, ಅದಕ್ಕೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

ಮತ್ತೆ ನಮ್ಮ ಜಾಡಿಗೆ ಬರೋಣ. ಒಡೆದ ಮಂಜುಗಡ್ಡೆಯಂಥ ನೀಲಿ ಹಿನ್ನೆಲೆ, ಮೇಲೆ ಬಿಳಿ ಪ್ಲಮ್ ಹೂವು. ಕಾಂಗ್‌ಶಿ ಕಾಲದ ಒಳ್ಳೆ ಕೈಯವರು ಒಂದೇ ನೀಲಿಯನ್ನು ನೀರು ಹೆಚ್ಚುಕಡಿಮೆ ಮಾಡಿ ನಾಲ್ಕೈದು ಛಾಯೆ ತೆಗೆಯುತ್ತಿದ್ದರು. ಇಲ್ಲಿ ಎಲ್ಲ ಕಡೆ ಒಂದೇ ಬಣ್ಣ, ಬಳಿದ ಅವಸರ ಎದ್ದು ಕಾಣುತ್ತಿತ್ತು. ಹೀಗೆ ಕಾಂಗ್‌ಶಿ ಹೆಸರು ಹಾಕಿದ ಜಾಡಿಗಳು ಹತ್ತೊಂಬತ್ತನೇ ಶತಮಾನದ ಕೊನೆಗೆ ಹಡಗುಗಟ್ಟಲೆ ಹೊರಗೆ ಹೋಗಿದ್ದವು. ಹೇಳಿದೆ. ಅವರ ಮುಖ ಸ್ವಲ್ಪ ಇಳಿಯಿತು.

"ಹಾಗಾದ್ರೆ ಇದಕ್ಕೆ ಉಪ್ಪು ಹಾಕಬಹುದಾ ಸಾರ್? ನಮ್ಮಮ್ಮ ಅದನ್ನೇ ಹಾಕ್ತಿದ್ರು."

ಜಾಡಿಗೆ ಹಾಕಬಹುದು, ಅಂಟಿಸಿದ ಮುಚ್ಚಳಕ್ಕೆ ಮಾತ್ರ ನೀರು ತಾಗಿಸಬೇಡಿ ಅಂದೆ.