ಆನ್, ಓವರ್, ಅಬೋವ್: ತಾಗಿದೆಯೇ, ಮುಚ್ಚಿದೆಯೇ, ಬರೀ ಎತ್ತರದಲ್ಲಿದೆಯೇ?

ಮೇಜಿನ ಮೇಲೆ ಪುಸ್ತಕ, ಹೊಳೆಯ ಮೇಲೆ ಸೇತುವೆ, ಮಂಜಿನಿಂದ ಮೇಲೆ ಬೆಟ್ಟದ ತುದಿ. ನಮಗೆ ಮೂರಕ್ಕೂ ‘ಮೇಲೆ’ ಸಾಕು. ಇಂಗ್ಲಿಷಿನಲ್ಲಿ ಆನ್, ಓವರ್, ಅಬೋವ್ ಎಂದು ಮೂರು ಪದ. ಉರು ಹೊಡೆಯಬೇಡಿ. ಎರಡು ವಸ್ತುಗಳು ಒಂದಕ್ಕೊಂದು ಹೇಗಿವೆ ಎಂದು ಕಣ್ಣಾರೆ ನೋಡಿ, ಆಮೇಲೆ ಪದ ಹುಡುಕಿ.

ಆನ್‌ಗೆ ಬೇಕಾದದ್ದು ತಾಗಿರುವುದು, ಎತ್ತರವಲ್ಲ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ‘ಆನ್ ದಿ ಟ್ರೀ’. ಚಾವಣಿಗೆ ಅಂಟಿಕೊಂಡ ಹಲ್ಲಿಯೂ ‘ಆನ್ ದಿ ಸೀಲಿಂಗ್’. ನದಿಯ ದಡದ ಊರಿಗೂ ಇದೇ ಪದ: ‘ಕುಶಾಲನಗರ ಈಸ್ ಆನ್ ದಿ ಕಾವೇರಿ’.

ನಿಜವಾದ ತೊಡಕು ಓವರ್ ಮತ್ತು ಅಬೋವ್‌ನದು. ಊಟದ ಮೇಜಿಗೆ ನೇರ ಮೇಲೆ ತೂಗುವ ದೀಪಕ್ಕೆ ಎರಡೂ ಸರಿ, ಅಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ. ಆದರೆ ಮುಚ್ಚುವುದು ಅಥವಾ ದಾಟುವುದು ಬಂದರೆ ಓವರ್ ಹಿಡಿಯಿರಿ. ಮಂಜು ಕಣಿವೆಯನ್ನು ಮುಚ್ಚಿದರೆ ‘ಮಿಸ್ಟ್ ಓವರ್ ದಿ ವ್ಯಾಲಿ’. ಕುಶಾಲನಗರದ ಬಳಿಯ ನಿಸರ್ಗಧಾಮದ ತೂಗುಸೇತುವೆ ‘ಎ ಬ್ರಿಜ್ ಓವರ್ ದಿ ಕಾವೇರಿ’. ಅದೇ ಮಂಜಿನಿಂದಾಚೆ ಬೆಟ್ಟದ ನೆತ್ತಿಯೊಂದು ಕಂಡರೆ ‘ಎ ಪೀಕ್ ಅಬೋವ್ ದಿ ಮಿಸ್ಟ್’; ಬೆಟ್ಟ ಮಂಜನ್ನು ಮುಚ್ಚಿಲ್ಲ, ದಾಟಿಯೂ ಇಲ್ಲ, ಅದಕ್ಕಿಂತ ಎತ್ತರದಲ್ಲಿದೆ ಅಷ್ಟೇ.

ಅಳತೆಯಲ್ಲೂ ಇದೇ ಭೇದ. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್ ‘1,748 ಮೀಟರ್ಸ್ ಅಬೋವ್ ಸೀ ಲೆವೆಲ್’. ಇಲ್ಲಿ ಸಮುದ್ರಮಟ್ಟವೆಂಬ ಗೆರೆಯಿಂದ ಅಳೆಯುತ್ತಿದ್ದೇವೆ. ಆ ಬೆಟ್ಟದ್ದೇ ಎತ್ತರ 1,700 ಮೀಟರಿಗಿಂತ ಹೆಚ್ಚು ಎನ್ನುವಾಗ ‘ಓವರ್ 1,700 ಮೀಟರ್ಸ್ ಹೈ’. ಇದು ಪ್ರಮಾಣದ ಮಾತು. ವಯಸ್ಸು, ದುಡ್ಡು, ಜನರ ಲೆಕ್ಕಕ್ಕೂ ಸಾಮಾನ್ಯವಾಗಿ ಓವರ್.

‘ಕೆಳಗೆ’ ಎನ್ನಲು ಇರುವ ಜೋಡಿ ಅಂಡರ್ ಮತ್ತು ಬಿಲೋ. ಅಂಡರ್ ಓವರ್‌ನ ಎದುರು, ಬಿಲೋ ಅಬೋವ್‌ನ ಎದುರು. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತರೆ ಕಣಿವೆ ‘ಬಿಲೋ ಅಸ್’: ನೇರ ಕಾಲಡಿಯಲ್ಲಿಲ್ಲ, ತಗ್ಗಿನಲ್ಲಿ ದೂರಕ್ಕೆ ಹರಡಿದೆ. ನೆರಳು ಮರಗಳ ಅಡಿಯ ಕಾಫಿ ಗಿಡ ‘ಅಂಡರ್ ದಿ ಟ್ರೀಸ್’. ನಮ್ಮಂಥ ಏರಿಳಿತದ ನಾಡಿನವರು ಇದನ್ನು ಗಟ್ಟಿಯಾಗಿ ಕಲಿಯಲೇಬೇಕು. ರಸ್ತೆಯಿಂದ ಇಳಿಜಾರಿನಲ್ಲಿರುವ ಮನೆ ‘ಬಿಲೋ ದಿ ರೋಡ್’. ಅಲ್ಲಿ ಅಂಡರ್ ಬರೆದರೆ ಓದಿದವರು ಮನೆ ರಸ್ತೆಯ ಅಡಿಯಲ್ಲೇ ಹೂತುಹೋಗಿದೆ ಎಂದುಕೊಳ್ಳುತ್ತಾರೆ. ಮಳೆನೀರು ಹರಿಯುವ ಮೋರಿ ಮಾತ್ರ ನಿಜಕ್ಕೂ ‘ಅಂಡರ್ ದಿ ರೋಡ್’.

‘ಅಡಿಯಲ್ಲಿ’ ಎಂಬರ್ಥದ ಬಿನೀತ್ ಹೆಚ್ಚಾಗಿ ಗ್ರಾಂಥಿಕ ಬರಹದ ಪದ. ಓದುವಾಗ ಅರ್ಥವಾದರೆ ಸಾಕು, ಬರೆಯಲು ಅಂಡರ್ ಧಾರಾಳ.

ಈಗ ಇದನ್ನು ಬರೆದು ನೋಡಿ: ಕರೆಂಟ್ ತಂತಿ ರಸ್ತೆಯನ್ನು ದಾಟಿದೆ, ತಂತಿಯ ಮೇಲೆ ಹಕ್ಕಿ ಕೂತಿದೆ, ರಸ್ತೆಯ ಪಕ್ಕದ ಗುಡ್ಡದಲ್ಲಿ, ರಸ್ತೆಗಿಂತ ಎತ್ತರದಲ್ಲಿ, ಒಂದು ಮನೆ ಇದೆ. ತಂತಿಗೆ ಓವರ್, ಹಕ್ಕಿಗೆ ಆನ್, ಮನೆಗೆ ಅಬೋವ್.