ಮೀಟರ್‌ನಲ್ಲಿ 12 ವೋಲ್ಟ್ ಇದೆ, ಕಿಡಿ ಮಾತ್ರ ಇಲ್ಲ: ಅಂಬಾಸಿಡರ್ ಇಗ್ನಿಷನ್ ಟಿಪ್ಪಣಿ

ದೊಡ್ಡಪ್ಪನ ಮಾರ್ಕ್ 4 ಅಂಬಾಸಿಡರ್ ನನ್ನ ಮೂರು ಭಾನುವಾರ ನುಂಗಿತು. ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಪೆಟ್ರೋಲ್ ಬರುತ್ತೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗಲ್ಲ. ಕಲಿತದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕರೆಂಟ್ ಹೋಗುವ ದಾರಿ ಇಷ್ಟೇ. ಬ್ಯಾಟರಿ, ಕೀ ಸ್ವಿಚ್, ಕಾಯಿಲ್‌ನ (ಕಿಡಿಗೆ ಬೇಕಾದ ಹೆಚ್ಚು ವೋಲ್ಟ್ ಹುಟ್ಟಿಸುವ ಡಬ್ಬಿ) ಎಸ್‌ಡಬ್ಲ್ಯು ತುದಿ (ಸ್ವಿಚ್ ಕಡೆಯದು), ಕಾಯಿಲ್ ಒಳಗಿನ ಸುರುಳಿ, ಸಿಬಿ ತುದಿ (ಪಾಯಿಂಟ್ ಕಡೆಯದು), ಡೆಲ್ಕೊ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಒಳಗಿನ ಪಾಯಿಂಟ್ (ಎಂಜಿನ್ ತಿರುಗಿದಂತೆ ಮುಚ್ಚಿ ತೆರೆಯುವ ಪುಟ್ಟ ಸ್ವಿಚ್), ಅಲ್ಲಿಂದ ಬಾಡಿ ಅರ್ಥ್. ಪಾಯಿಂಟ್ ಮುಚ್ಚಿದಾಗ ಕರೆಂಟ್ ಹರಿಯುತ್ತೆ. ತೆರೆದ ಕ್ಷಣ ಅದು ಕಡಿದು ಪ್ಲಗ್‌ನಲ್ಲಿ ಕಿಡಿ ಹಾರುತ್ತೆ.

ನಾನು ಎಡವಿದ್ದು ಇಲ್ಲಿ. ಎಸ್‌ಡಬ್ಲ್ಯು ತುದಿಗೆ ಮೀಟರ್ ಇಟ್ಟೆ: 12.3 ವೋಲ್ಟ್. ವೈರಿಂಗ್ ಸರಿಯಿದೆ ಅಂತ ತೀರ್ಮಾನಿಸಿ ಹೊಸ ಕಾಯಿಲ್, ಹೊಸ ಕಂಡೆನ್ಸರ್ ತಂದು ಹಾಕಿದೆ. ದುಡ್ಡು ದಂಡ. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣ ಒಂದೇ ಮಾತು ಕೇಳಿದರು: “ಆಗ ಪಾಯಿಂಟ್ ಮುಚ್ಚಿತ್ತಾ, ತೆರೆದಿತ್ತಾ?”

ನೋಡಿರಲೇ ಇಲ್ಲ. ತೆರೆದಿತ್ತು.

ಮನೆ ಮೇಲಿನ ಟ್ಯಾಂಕ್‌ನಿಂದ ಬರುವ ಪೈಪಿನಲ್ಲಿ ಕಸ ಕಟ್ಟಿದೆ ಅಂದುಕೊಳ್ಳಿ. ನಲ್ಲಿ ಮುಚ್ಚಿದ್ದರೆ ಅದರ ಹಿಂದೆ ಒತ್ತಡ ಪೂರ್ತಿ ಇರುತ್ತೆ. ನಲ್ಲಿ ತಿರುಗಿಸಿದಾಗಲೇ ನೀರು ತೊಟ್ಟಿಕ್ಕುವುದು ಗೊತ್ತಾಗೋದು. ಪಾಯಿಂಟ್ ತೆರೆದಿದ್ದರೆ ಕರೆಂಟೇ ಹರಿಯಲ್ಲ, ಕೆಟ್ಟ ಜಾಯಿಂಟ್‌ನಲ್ಲಿ ಏನೂ ಕಳೆದುಹೋಗಲ್ಲ, ಮೀಟರ್ 12 ತೋರಿಸಿಬಿಡುತ್ತೆ. ಸಿಬಿ ತುದಿಯಲ್ಲೂ ಆಗ 12 ಬರುತ್ತೆ! ಇದನ್ನು ನೋಡಿ ಕಾಯಿಲ್ ಒಳಗೆ ಶಾರ್ಟ್ ಆಗಿದೆ ಅಂತ ಬೇರೆ ಹೆದರಿದ್ದೆ.

ಹಾಗಾಗಿ ಮೊದಲು ಕೀ ಆಫ್ ಮಾಡಿ ಡೆಲ್ಕೊ ಮುಚ್ಚಳ ತೆಗೆಯಿರಿ. ಟಾಪ್ ಗೇರ್ ಹಾಕಿ ಕಾರನ್ನು ಮೆಲ್ಲಗೆ ತಳ್ಳಿ, ಪಾಯಿಂಟ್ ಮುಚ್ಚಿದ ಕಡೆ ನಿಲ್ಲಿಸಿ. ಆಮೇಲೆ ಕೀ ಆನ್ ಮಾಡಿ ಅಳೆಯಿರಿ. ನಮ್ಮದರಲ್ಲಿ ಎಸ್‌ಡಬ್ಲ್ಯು 7.1ಕ್ಕೆ ಕುಸಿಯಿತು. ಕಾಯಿಲ್ ಸುಮಾರು 3 ಓಮ್. 12 ವೋಲ್ಟ್ ಪೂರ್ತಿ ಸಿಕ್ಕರೆ 4 ಆಂಪ್ ಹರಿಯಬೇಕು, ಹರಿಯುತ್ತಿದ್ದುದು ಸುಮಾರು 2.4. ಕಿಡಿಯ ಶಕ್ತಿ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ, ಅಂದರೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. (ಕೀ ಆನ್ ಇಟ್ಟು ಚಹಾಕ್ಕೆ ಹೋಗಬೇಡಿ. ವೈರಿಂಗ್ ಸರಿಯಿದ್ದ ಕಾರಿನಲ್ಲಿ ಕಾಯಿಲ್ 48 ವ್ಯಾಟ್ ಎಳೆಯುತ್ತೆ, ಸುಟ್ಟೀತು.)

ಈಗ ಕಳ್ಳನನ್ನು ಹಿಡಿಯೋದು. ಮೀಟರ್‌ನ ಎರಡೂ ಕಡ್ಡಿಗಳನ್ನು ಒಂದೇ ವೈರಿನ ಎರಡು ತುದಿಗೆ ಇಡಿ. ವೈರ್ ಚೆನ್ನಾಗಿದ್ದರೆ ಸೊನ್ನೆ ಹತ್ತಿರ ಬರಬೇಕು. ಬ್ಯಾಟರಿಯಿಂದ ಸ್ವಿಚ್‌ಗೆ 0.1. ಸ್ವಿಚ್ ಒಳಗೆ 0.2. ಸ್ವಿಚ್‌ನಿಂದ ಎಸ್‌ಡಬ್ಲ್ಯುಗೆ ಬರುವ ಬಿಳಿ ವೈರಿನಲ್ಲಿ 4.9! ಡ್ಯಾಶ್‌ಬೋರ್ಡ್ ಹಿಂದೆ ಯಾರೋ ಎರಡು ವೈರ್ ಹುರಿಮಾಡಿ ಟೇಪ್ ಸುತ್ತಿದ್ದರು. ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ದೊಡ್ಡಪ್ಪ “ಹುಣಸೆಹಣ್ಣು ಹಚ್ಚು” ಎಂದರು. ತಾಮ್ರದ ಚೊಂಬಿಗೆ ಸರಿ, ವೈರಿಗೆ ಬೇಡ. ಹುಳಿ ಒಳಗೇ ಉಳಿದು ಮತ್ತೆ ಕಿಲುಬು ಹಿಡಿಯುತ್ತೆ. ಕೆಟ್ಟ ಭಾಗ ಕತ್ತರಿಸಿ ಬೆಸುಗೆ ಹಾಕಿದೆ.

ಅವಸರಕ್ಕೆ ಒಂದು ಅಡ್ಡದಾರಿ ಇದೆ, ನನಗೆ ಬಲು ಇಷ್ಟ: ಬ್ಯಾಟರಿ ಪ್ಲಸ್‌ನಿಂದ ಎಸ್‌ಡಬ್ಲ್ಯುಗೆ ನೇರವಾಗಿ ಒಂದು ವೈರ್. ಎಂಜಿನ್ ಸ್ಟಾರ್ಟ್ ಆದರೆ ತಪ್ಪು ಸ್ವಿಚ್ ಕಡೆಯ ದಾರಿಯಲ್ಲಿದೆ. ಆದರೆ ಆಮೇಲೆ ಕೀ ತಿರುಗಿಸಿದರೆ ಎಂಜಿನ್ ನಿಲ್ಲಲ್ಲ, ಆ ವೈರನ್ನೇ ಕೀಳಬೇಕು. ಮೊದಲ ಸಲ ನಾನು ಗಾಬರಿಯಾಗಿ ಕೀ ತಿರುಗಿಸುತ್ತಲೇ ಇದ್ದೆ.

ಪಾಯಿಂಟ್ ಮುಚ್ಚಿದ್ದಾಗ ಸಿಬಿ ತುದಿಯಲ್ಲಿ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ತಪ್ಪು ಸಿಬಿಯಿಂದ ಅರ್ಥ್‌ವರೆಗಿನ ದಾರಿಯಲ್ಲಿದೆ. ಪಾಯಿಂಟ್ ಕರಕಲಾಗಿರಬಹುದು. ಇಲ್ಲವೇ ಡೆಲ್ಕೊ ಒಳಗಿನ ತೆಳು ಅರ್ಥ್ ವೈರ್ ಒಳಗೊಳಗೇ ತುಂಡಾಗಿರಬಹುದು. ಎಂಜಿನ್‌ನ ವ್ಯಾಕ್ಯೂಮ್ (ಗಾಳಿಯ ಸೆಳೆತ) ಪಾಯಿಂಟ್ ಕೂತ ತಟ್ಟೆಯನ್ನು ಎಳೆದಾಗಲೆಲ್ಲ ಆ ವೈರ್ ಬಾಗುತ್ತೆ. ಕಣ್ಣಿಗೆ ಸರಿಯಾಗೇ ಕಾಣುತ್ತೆ, ಮೆಲ್ಲಗೆ ಎಳೆದು ನೋಡಿ.