ಸಂಜೆಯ ನೀಲಿ ಬೇರೆಯದೇ ನೀಲಿ

ಬೆಂಗಳೂರಿನ ಸಂಜೆಯ ಆಕಾಶವನ್ನು ದಿನಾ ತೈಲವರ್ಣದಲ್ಲಿ ಬರೆಯುವವರಿಗೆ ಬೇಗನೆ ಗೊತ್ತಾಗುವ ಸಂಗತಿಯೊಂದಿದೆ: ಸತಾಯಿಸುವುದು ಪಡುವಣದ ಕೆಂಪಲ್ಲ, ನೆತ್ತಿಯ ಮೇಲಿನ ನೀಲಿ. ಕೆಂಪು, ಕಿತ್ತಳೆಗಳನ್ನು ಹೇಗೋ ಹೊಂದಿಸಬಹುದು. ಸೂರ್ಯ ಮುಳುಗಿದ ಮೇಲೂ ಗಾಢವಾಗುತ್ತಲೇ ಹೋಗುವ ಆ ನೀಲಿಗೆ ಮಾತ್ರ ಮಧ್ಯಾಹ್ನದ ಆಕಾಶಕ್ಕೆಂದು ಕಲಸಿದ ಬಣ್ಣ ಒಪ್ಪುವುದಿಲ್ಲ.

ಒಪ್ಪಲೂಬಾರದು. ಆಕಾಶ ಯಾಕೆ ನೀಲಿ ಎಂದರೆ ಎಲ್ಲರೂ ರ‍್ಯಾಲೆ ಚದುರಿಕೆ, ಅಂದರೆ ಗಾಳಿಯ ಅಣುಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ ಎಂದು ಪಾಠ ಒಪ್ಪಿಸುತ್ತಾರೆ. ಹಗಲಿಗೆ ಅದು ಸರಿ. ಸಂಜೆಗೂ ಅದನ್ನೇ ಹೇಳುತ್ತೇವಲ್ಲ, ಅಲ್ಲಿ ಎಡವುತ್ತೇವೆ. ಮುಳುಗುವ ಸೂರ್ಯನ ಬೆಳಕು ಗಾಳಿಯೊಳಗೆ ಓರೆಯಾಗಿ ನೂರಾರು ಕಿಲೋಮೀಟರ್ ಹಾದು ಬರುತ್ತದೆ. ದಾರಿಯುದ್ದಕ್ಕೂ ನೀಲಿ ಚದುರಿಹೋಗಿ, ನಮ್ಮ ನೆತ್ತಿಯ ಮೇಲಿನ ಗಾಳಿಗೆ ತಲುಪುವುದು ಹಳದಿಗೆ ತಿರುಗಿದ ಬೆಳಕು. ಅದು ಮತ್ತೆ ಚದುರಿ ಕಣ್ಣಿಗೆ ಬೀಳುವಾಗ ಆಕಾಶ ಮಾಸಲು ಹಳದಿಯಾಗಿಯೋ ಬೂದಾಗಿಯೋ ಕಾಣಬೇಕಿತ್ತು. ಆದರೂ ನೀಲಿ!

ಈ ಒಗಟನ್ನು 1953ರಲ್ಲಿ ಬಿಡಿಸಿದವರು ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್. ಉತ್ತರ, ಓಝೋನ್. ಅದು ನೇರಳಾತೀತ ಕಿರಣಗಳನ್ನು ತಡೆಯುತ್ತದೆ ಎಂದಷ್ಟೇ ಓದಿಕೊಂಡಿದ್ದೇವೆ. 600 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಕಿತ್ತಳೆ ಬೆಳಕನ್ನೂ ಅದು ತುಸು ನುಂಗುತ್ತದೆ. ಫ್ರಾನ್ಸಿನ ಜೇಮ್ಸ್ ಶಾಪುಯಿ ಇದನ್ನು 1880ರಲ್ಲೇ ಗುರುತಿಸಿದ್ದರು. ಹಗಲಲ್ಲಿ ಈ ನುಂಗುವಿಕೆ ಲೆಕ್ಕಕ್ಕಿಲ್ಲ. ತಲೆಯ ಮೇಲಿನ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ತಂದರೆ ಸುಮಾರು ಮೂರು ಮಿಲಿಮೀಟರ್ ದಪ್ಪದ ಪದರವಾದೀತು, ಅಷ್ಟೇ. ಸಂಜೆಯ ಬೆಳಕಾದರೋ ಆ ಪದರವನ್ನು ಅಡ್ಡಡ್ಡ ಹಾಯುತ್ತದೆ, ದಾರಿ ಹತ್ತಾರು ಪಟ್ಟು ಉದ್ದವಾಗುತ್ತದೆ; ಕಿತ್ತಳೆ ಅಷ್ಟೂ ಹೆಚ್ಚು ನುಂಗಿಹೋಗಿ ನೀಲಿ ಉಳಿಯುತ್ತದೆ. ಕಿಟಕಿಯ ಗಾಜಿಗೆ ಎದುರಿನಿಂದ ಬಣ್ಣವೇ ಇಲ್ಲ, ಅಂಚಿನಿಂದ ನೋಡಿದರೆ ದಟ್ಟ ಹಸಿರು; ಇದೂ ಹಾಗೆಯೇ. ಸೂರ್ಯ ಮುಳುಗುವ ಹೊತ್ತಿಗೆ ನೆತ್ತಿಯ ನೀಲಿಯಲ್ಲಿ ಮೂರನೇ ಎರಡು ಪಾಲು ಓಝೋನಿನದು, ಆಮೇಲೆ ಹೆಚ್ಚುಕಡಿಮೆ ಪೂರ್ತಿ ಅದರದೇ ಎಂಬುದು ಹಲ್ಬರ್ಟ್ ಲೆಕ್ಕ.

ನೀಲಿಯ ಬಗೆಗಿನ ಸಿದ್ಧ ಉತ್ತರವನ್ನು ಅನುಮಾನಿಸಿದ ದೊಡ್ಡವರೊಬ್ಬರು ನಮ್ಮ ಊರಿನಲ್ಲೇ ಬಾಳಿದರು. ಕಡಲಿನ ನೀಲಿ ಆಕಾಶದ ಪ್ರತಿಬಿಂಬ ಎಂಬ ಬ್ರಿಟಿಷ್ ವಿಜ್ಞಾನಿ ರ‍್ಯಾಲೆ ಮಾತನ್ನು ಸಿ.ವಿ. ರಾಮನ್ 1921ರ ಹಡಗು ಪ್ರಯಾಣದಲ್ಲಿ, ನೀರಿನ ಮೇಲ್ಮೈಯ ಪ್ರತಿಫಲನವನ್ನು ಅಡಗಿಸುವ ನಿಕಲ್ ಪ್ರಿಸಂ ಹಿಡಿದು ಪರೀಕ್ಷಿಸಿ ತಳ್ಳಿಹಾಕಿದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿ ಬೆಂಗಳೂರಿಗೆ ಬಂದವರು ಕೊನೆಯವರೆಗೂ ಇಲ್ಲಿಯೇ ಉಳಿದರು.

ಚಿತ್ರ ಬರೆಯುವವರಿಗೆ ಇದರಲ್ಲೊಂದು ಸೊಗಸಿದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ತೆನಾರ್ 1802ರಲ್ಲಿ ರೂಪಿಸಿದ ಕೋಬಾಲ್ಟ್ ಬ್ಲೂ ಬಣ್ಣ ನೀಲಿಯಾಗಿ ಕಾಣುವುದು, ಹಸಿರಿನಿಂದ ಕಿತ್ತಳೆಯವರೆಗಿನ ಬೆಳಕನ್ನು ನುಂಗುವುದರಿಂದ. ಓಝೋನ್ ಬಾಯಿ ಹಾಕುವುದೂ ಹೆಚ್ಚುಕಡಿಮೆ ಅಲ್ಲಿಗೇ! ಹಗಲಿನ ಆಕಾಶ ಚದುರಿಸಿ ನೀಲಿಯಾಗುತ್ತದೆ. ಮುಸ್ಸಂಜೆಯ ಆಕಾಶ, ಟ್ಯೂಬಿನೊಳಗಿನ ಬಣ್ಣ ಎರಡೂ ನುಂಗಿ ನೀಲಿಯಾಗುತ್ತವೆ. ಕೋಬಾಲ್ಟ್‌ಗೆ ಚೂರು ಅಲ್ಟ್ರಾಮರೀನ್ ಬೆರೆಸಿ, ಬಿಳಿಯನ್ನು ಆದಷ್ಟು ಕಡಿಮೆ ಮಾಡಿ ನೋಡಿ.

ನಮ್ಮದು 13 ಡಿಗ್ರಿ ಅಕ್ಷಾಂಶ. ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಮುಳುಗಿದ ಮೇಲೆ ಬಣ್ಣ ನೋಡಿ ಕಲಸುವಷ್ಟು ಬೆಳಕು ಇರುವುದು ಇಪ್ಪತ್ತು ನಿಮಿಷ. ಪಡುವಣವನ್ನು ಮೊದಲು ಮುಗಿಸಿ, ಮೇಲ್ಭಾಗವನ್ನು ಖಾಲಿ ಬಿಡಿ. ಹಳದಿ ಹಸಿಯಿರುವಾಗಲೇ ನೀಲಿ ಎಳೆದರೆ ನಡುವೆ ಹಸಿರು ಏಳುತ್ತದೆ. ಬಿಳಿ ಬೆರೆತ ಗುಲಾಬಿಯ ತೆಳು ಪಟ್ಟಿಯೊಂದನ್ನು ಅಡ್ಡ ಹಾಕಿ. ಬೇಸಿಗೆಯ ಧೂಳಿನಲ್ಲಿ ಕೆಂಪು ಮಂಕಾದ ದಿನವೂ ಬ್ರಷ್ ಎತ್ತಿಡಬೇಡಿ. ಈ ನೀಲಿಯ ಕಾರ್ಖಾನೆ ಇರುವುದು 20 ಕಿಲೋಮೀಟರಿಗೂ ಮೇಲೆ, ನಮ್ಮ ಟ್ರಾಫಿಕ್ಕಿನ ಹೊಗೆಗೆ ಎಟುಕದಷ್ಟು ಎತ್ತರದಲ್ಲಿ.